ಬಬಲ್ ರ‍್ಯಾಪ್ ಹೋಯ್ತು, ಕಾಗದದ ಮೆತ್ತೆ ಬಂತು: ಗೋದಾಮಿನ ಪುಟ್ಟ ಯಂತ್ರದ ಹೊರೆ ಯಾರ ತಲೆಗೆ?

ಆನ್‌ಲೈನ್ ಪಾರ್ಸೆಲ್‌ ಒಳಗಿನ ಸುಕ್ಕುಗಟ್ಟಿದ ಕಂದು ಕಾಗದ ಎಲ್ಲಿಂದ ಬರುತ್ತೆ, ಹೇಗೆ ತಯಾರಾಗುತ್ತೆ, ಕೊನೆಗೆ ಎಲ್ಲಿಗೆ ಹೋಗುತ್ತೆ? ಪ್ಲಾಸ್ಟಿಕ್ ಬಿಟ್ಟು ಕಾಗದ ಹಿಡಿದರೆ ಪರಿಸರದ ಲೆಕ್ಕ ಚುಕ್ತಾ ಆಯಿತೇ?

ಕಳೆದ ವಾರ ನಮ್ಮ ಮನೆಗೊಂದು ಪಾರ್ಸೆಲ್ ಬಂತು. ಒಳಗಿದ್ದದ್ದು ಕಣ್ಣಿಗೆ ಹಾಕುವ ಔಷಧಿಯ ಬಾಟಲಿ, ಹೆಬ್ಬೆರಳಿನಷ್ಟು. ಜೊತೆಗೆ ಒಂದು ಚಪ್ಪಲಿ ಜೋಡಿ ಹಿಡಿಸುವಷ್ಟು ದೊಡ್ಡ ರಟ್ಟಿನ ಬಾಕ್ಸ್, ಅದರ ತುಂಬ ಕಂದು ಬಣ್ಣದ ಸುಕ್ಕುಸುಕ್ಕು ಕಾಗದ. ಬಿಡಿಸಿ ಟೇಪ್ ಹಿಡಿದು ಅಳೆದೆ. ಎರಡು ಮೀಟರಿಗೆ ನಾಲ್ಕು ಬೆರಳು ಕಡಿಮೆ. ಅಮ್ಮ ಅದನ್ನು ಕೈಯಲ್ಲೇ ತೀಡಿ ನೇರ ಮಾಡಿ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿಬಿಟ್ಟರು. "ಒಳ್ಳೇ ಗಟ್ಟಿ ಕಾಗದ ಕಣೋ, ಸುಮ್ನೆ ಯಾಕೆ ಬಿಸಾಕೋದು" ಅಂದರು.

ಆರೇಳು ವರ್ಷದ ಹಿಂದಾಗಿದ್ದರೆ ಆ ಜಾಗದಲ್ಲಿ ಬಬಲ್ ರ‍್ಯಾಪ್ ಇರುತ್ತಿತ್ತು. ಮಕ್ಕಳು ಪಟ್ ಪಟ್ ಅಂತ ಒಡೆದು, ಆಮೇಲೆ ಅದು ಕಸದ ಬುಟ್ಟಿ ಸೇರುತ್ತಿತ್ತು. ಈಗ ಕಾಗದ. ನೋಡಿದರೆ ಖುಷಿಯಾಗುತ್ತೆ, ಬಾಕ್ಸ್ ಮೇಲೆ ಹಸಿರು ಎಲೆಯ ಚಿತ್ರ ಬೇರೆ ಇರುತ್ತೆ. ಆದರೆ ಇದನ್ನು ಯಾರೋ ಕೂತು ಕೈಯಲ್ಲಿ ಮುದುರಿದ್ದಲ್ಲ. ಪ್ಯಾಕಿಂಗ್ ಟೇಬಲ್ ಪಕ್ಕದಲ್ಲಿ ನಿಂತಿರುವ ಒಂದು ಯಂತ್ರ ಸಪಾಟು ಕಾಗದವನ್ನು ಒಳಗೆ ಎಳೆದುಕೊಂಡು, ಸುಕ್ಕಿಸಿ, ಗಾಳಿ ತುಂಬಿದ ಮೆತ್ತೆಯಂತೆ ಮಾಡಿ ಉಗುಳುತ್ತದೆ. ಬೆಂಗಳೂರು ಗ್ರಾಮಾಂತರದ ಜೀವನ ಈಗ ಯಾವ ಕಡೆ ವಾಲಿದೆ ಅಂತ ತಿಳಿಯೋಕೆ ಇಂಥ ಯಂತ್ರದ ಜಾಡು ಹಿಡಿದು ಹೊರಟರೂ ಸಾಕು.

ಗ್ರಾಮಾಂತರ ಎಂಬ ಗೋದಾಮು

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ. ಜಿಲ್ಲೆಯ ನಾಲ್ಕೂ ತಾಲೂಕುಗಳು ಬೆಂಗಳೂರಿನ ಮುಖ್ಯ ಹೆದ್ದಾರಿಗಳ ಬಾಯಲ್ಲಿವೆ. ಹೊಸಕೋಟೆಯಿಂದ ಕೋಲಾರ, ಚೆನ್ನೈ ಕಡೆಗೆ. ನೆಲಮಂಗಲದಲ್ಲಿ ರಸ್ತೆ ಕವಲೊಡೆದು ಒಂದು ತುಮಕೂರು, ಪುಣೆಗೆ, ಇನ್ನೊಂದು ಹಾಸನ, ಮಂಗಳೂರಿಗೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ. ಈ ನಾಲ್ಕನ್ನೂ ದಾಬಸ್‌ಪೇಟೆಯಿಂದ ಸೂಲಿಬೆಲೆ ಕಡೆಯವರೆಗೆ ಹೊಲಿದು ಕೂರಿಸಿರುವುದು ಸ್ಯಾಟಲೈಟ್ ಟೌನ್ ರಿಂಗ್ ರೋಡ್. ನಗರದ ಒಳಗೆ ಇಷ್ಟು ದೊಡ್ಡ ಸಪಾಟು ಜಾಗ ಸಿಗಲ್ಲ, ಸಿಕ್ಕರೂ ಹಗಲು ಹೊತ್ತು ಲಾರಿ ಬಿಡಲ್ಲ. ಹಾಗಾಗಿ ತಗಡಿನ ಮಾಡಿನ, ಕಿಟಕಿಯಿಲ್ಲದ, ಊರಿಗಿಂತ ದೊಡ್ಡ ಗೋದಾಮುಗಳು ಇಲ್ಲಿಗೆ ಬಂದವು. 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಜಿಲ್ಲೆಗೆ 'ಬೆಂಗಳೂರು ಉತ್ತರ' ಅಂತ ಹೆಸರಿಡಲು ತೀರ್ಮಾನಿಸಿತು. ಹೆಸರಿನಿಂದ ಗ್ರಾಮ ಹೋಗುವ ಮೊದಲೇ ನೆಲದಿಂದ ಹೋಗಿತ್ತು ಅನ್ನೋದು ಬೇರೆ ಮಾತು.

ಅದೇ ತಿಂಗಳ 15ರಂದು ಇನ್ನೊಂದು ಸುದ್ದಿಯೂ ಬಂತು, ನೆನಪಿರಬಹುದು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಧರಣಿ ಕೂತದ್ದರ ಫಲ ಅದು. ಅಲ್ಲಿ ಬರಬೇಕಿದ್ದದ್ದು ಏರೋಸ್ಪೇಸ್ ಪಾರ್ಕ್, ಗೋದಾಮಲ್ಲ. ಆದರೆ ಈ ಜಿಲ್ಲೆಯಲ್ಲಿ ಒಂದು ಎಕರೆ ಎಂದರೆ ಏನು, ಅದನ್ನು ಯಾರು ಬಯಸುತ್ತಾರೆ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಯಂತ್ರ ಮಾಡೋದೇನು?

ಮೊದಲು ಒಂದು ಸಣ್ಣ ಲೆಕ್ಕ. ಟೇಬಲ್ ಎತ್ತರದಿಂದ, ಅಂದರೆ ಸುಮಾರು 75 ಸೆಂಟಿಮೀಟರ್ ಮೇಲಿಂದ, ಒಂದು ಗಾಜಿನ ಲೋಟ ಕಲ್ಲು ನೆಲಕ್ಕೆ ಬಿತ್ತು ಅನ್ನಿ. ಅದು ಒಂದು ಮಿಲಿಮೀಟರ್ ಅಂತರದಲ್ಲಿ ನಿಂತುಬಿಟ್ಟರೆ, ಲೋಟದ ಮೇಲೆ ಬೀಳುವ ಸರಾಸರಿ ಏಟು ಅದರ ತೂಕದ 750 ಪಟ್ಟು. ಅದೇ ಲೋಟ ಮೂರು ಸೆಂಟಿಮೀಟರ್ ಮೆತ್ತೆಯೊಳಗೆ ನಿಧಾನವಾಗಿ ಹೂತು ನಿಂತರೆ ಏಟು ಸುಮಾರು 25 ಪಟ್ಟಿಗೆ ಇಳಿಯುತ್ತೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ ಬರುವ ಉತ್ತರ ಇದು. ಪ್ಯಾಕಿಂಗ್‌ನ ಇಡೀ ವಿಜ್ಞಾನ ಇರೋದು ಇಲ್ಲೇ: ವಸ್ತುವಿಗೆ ನಿಲ್ಲೋಕೆ ಒಂದಿಷ್ಟು ಜಾಗ, ಒಂದಿಷ್ಟು ಸಮಯ ಕೊಡು. ನಮ್ಮಜ್ಜಿಯರು ಮಾವಿನಕಾಯಿಯನ್ನು ಹುಲ್ಲಿನ ನಡುವೆ ಇಡುತ್ತಿದ್ದದ್ದು, ಬಳೆಗಾರ ಬಳೆಗಳ ಮಧ್ಯೆ ಕಾಗದ ತುರುಕುತ್ತಿದ್ದದ್ದು ಇದೇ ಕಾರಣಕ್ಕೆ.

ಬರೀ ಹಾಳೆ ಈ ಕೆಲಸ ಮಾಡಲ್ಲ, ತೆಳ್ಳಗೆ ಸಪಾಟಾಗಿರುತ್ತೆ. ಅದನ್ನು ಮುದುರಿದಾಗ ಒಂದೊಂದು ಸುಕ್ಕೂ ಒಂದೊಂದು ಪುಟ್ಟ ಕಮಾನಾಗುತ್ತೆ. ಏಟು ಬಿದ್ದಾಗ ಕಮಾನುಗಳು ಒಂದೊಂದಾಗಿ ಕುಸಿಯುತ್ತವೆ, ಕುಸಿಯುವಾಗ ಶಕ್ತಿಯನ್ನು ತಿಂದುಹಾಕುತ್ತವೆ. ಕೈಯಲ್ಲಿ ಮುದುರಿದರೂ ಆಗುತ್ತೆ, ಆದರೆ ದಿನಕ್ಕೆ ಸಾವಿರಾರು ಬಾಕ್ಸಿಗೆ ಒಂದೇ ಹದದಲ್ಲಿ ಮುದುರೋಕೆ ಮನುಷ್ಯರಿಂದ ಆಗಲ್ಲ.

ಈ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ಭಾರದ ಸಾಮಾನಿಗೆ: ಮೋಟಾರ್ ಭಾಗ, ಪಾತ್ರೆ, ಎಲೆಕ್ಟ್ರಾನಿಕ್ಸ್. ಇದರ ಹಿಂಬದಿಯಲ್ಲಿ ಮೂರು ಪದರದ ಕ್ರಾಫ್ಟ್ ಕಾಗದದ ರೋಲ್ ಕೂರುತ್ತೆ. ಮೂರೂ ಪದರಗಳನ್ನು ಕಂಬಿಗಳು ಮೊದಲು ಬೇರೆ ಬೇರೆ ಮಾಡುತ್ತವೆ, ಇಲ್ಲದಿದ್ದರೆ ಅಂಟಿಕೊಂಡೇ ಮುದುರಿ ದಪ್ಪ ರಟ್ಟಾಗಿಬಿಡುತ್ತೆ. ಆಮೇಲೆ ಕಾಗದ ಆಲಿಕೆಯಂಥ ಒಂದು ಬಾಯೊಳಗೆ ಹೋಗುತ್ತೆ. ಅಲ್ಲಿ ಎರಡೂ ಅಂಚುಗಳು ಒಳಮುಖವಾಗಿ ಸುರುಳಿ ಸುತ್ತಿಕೊಂಡು, ಎಡಕ್ಕೊಂದು ಬಲಕ್ಕೊಂದು ಉದ್ದನೆಯ ದಿಂಬಿನಂತಾಗುತ್ತವೆ. ನಡುವಿನ ಪಟ್ಟಿಯನ್ನು ಒಂದಕ್ಕೊಂದು ಹಲ್ಲು ಕಚ್ಚಿದ ಎರಡು ಚಕ್ರಗಳು ಒತ್ತುತ್ತವೆ. ಚಮತ್ಕಾರ ಇರೋದೇ ಈ ಚಕ್ರಗಳಲ್ಲಿ: ಕಾಗದವನ್ನು ಎಳೆಯೋದೂ ಅವೇ, ಪದರಗಳನ್ನು ಅಂಟಿಲ್ಲದೆ, ಪಿನ್ನಿಲ್ಲದೆ, ಬರೀ ಒತ್ತಡದಿಂದ ಹೊಲಿಗೆ ಹಾಕಿದಂತೆ ಬಂಧಿಸೋದೂ ಅವೇ. ಇಲ್ಲದಿದ್ದರೆ ಸುರುಳಿ ಬಿಚ್ಚಿಕೊಂಡು ಮತ್ತೆ ಹಾಳೆಯಾಗುತ್ತೆ. ಕೊನೆಯಲ್ಲಿ ಬ್ಲೇಡ್ ಬೇಕಾದ ಉದ್ದಕ್ಕೆ ಕತ್ತರಿಸುತ್ತೆ.

ಎರಡನೆಯ ಜಾತಿ ಬರೀ ಖಾಲಿ ಜಾಗ ತುಂಬೋಕೆ. ನಮ್ಮ ಮನೆಗೆ ಬಂದದ್ದು ಇದರದ್ದು. ಒಂದೇ ಪದರದ ಕಾಗದ, ಬಸ್ ಟಿಕೆಟ್ ಪುಸ್ತಕದಂತೆ ಹಿಂದೆ ಮುಂದೆ ಮಡಚಿಟ್ಟ ಕಟ್ಟು. ಯಂತ್ರ ಅದನ್ನು ಸಣ್ಣ ಬಾಯಿಯ ಮೂಲಕ ರಭಸವಾಗಿ ಎಳೆದು ಹಗ್ಗದಂತೆ ಮುದುರಿ ಚಿಮ್ಮುತ್ತೆ. ಕಾಲಲ್ಲಿ ಪೆಡಲ್ ಒತ್ತಿದರೆ ಬರುತ್ತೆ, ಬಿಟ್ಟರೆ ನಿಲ್ಲುತ್ತೆ. ಇನ್ನು ಕೆಲವು ಕಡೆ ಪೆಡಲ್ಲೂ ಇಲ್ಲ. ಒಂದು ತುಂಡು ಹರಿದುಕೊಂಡ ತಕ್ಷಣ ಅಷ್ಟೇ ಉದ್ದದ ಮತ್ತೊಂದು ತುಂಡು ಹೊರಗೆ ಬಂದು ಕಾಯುತ್ತಿರುತ್ತೆ. ಈ 'ಕಾಯುವ' ಯಂತ್ರದ ಬಗ್ಗೆ ಆಮೇಲೆ ಹೇಳ್ತೀನಿ.

ಮೂರನೆಯದು ಜೇನುಗೂಡು ಕಾಗದ. ಹಾಳೆಗೆ ಮೊದಲೇ ಸಾಲುಸಾಲು ಸೀಳು ಹಾಕಿರುತ್ತಾರೆ, ಎಳೆದರೆ ಷಟ್ಕೋನದ ಕಣ್ಣುಗಳಾಗಿ ತೆರೆದುಕೊಳ್ಳುತ್ತೆ. ಇದಕ್ಕೆ ಕರೆಂಟೂ ಬೇಕಿಲ್ಲ. ಮಣ್ಣಿನ ದೀಪ, ಸಾಬೂನು, ಮೇಣದಬತ್ತಿ ಮಾರುವ ಸಣ್ಣಪುಟ್ಟ ಮನೆ ಉದ್ಯಮದವರೂ ಈಗ ಇದನ್ನು ಬಳಸುತ್ತಾರೆ.

ಇಷ್ಟಕ್ಕೆ ಕಂಪನಿಗಳು ಪ್ಲಾಸ್ಟಿಕ್ ಬಿಟ್ಟು ಯಾಕೆ ಬಂದವು? ಪರಿಸರ ಪ್ರೇಮ ಒಂದು ಭಾಗ. ಇನ್ನೊಂದು ಭಾಗ ಜಾಗ. ಬಬಲ್ ರ‍್ಯಾಪ್ ಅಥವಾ ಥರ್ಮಾಕೋಲ್ ಚೂರು ಅಂದರೆ ಬಹುಪಾಲು ಗಾಳಿ, ಲಾರಿ ತುಂಬ ಗಾಳಿಗೆ ಬಾಡಿಗೆ ಕೊಟ್ಟು ತರಿಸಿ, ಗೋದಾಮಿನಲ್ಲಿ ಗಾಳಿಗೇ ಜಾಗ ಕೊಡಬೇಕು. ಕಾಗದ ಸಪಾಟಾಗಿ ಬರುತ್ತೆ, ಗಾಳಿಯನ್ನು ಪ್ಯಾಕಿಂಗ್ ಟೇಬಲ್ ಹತ್ತಿರವೇ ಸೇರಿಸಿಕೊಳ್ಳಬಹುದು. ಈ ಬಗೆಯ ಯಂತ್ರದ ಹಳೆಯ ಅಮೆರಿಕನ್ ಪೇಟೆಂಟ್ ದಾಖಲೆಗಳಲ್ಲೇ ಲೆಕ್ಕ ಇದೆ: 30 ಇಂಚು ಅಗಲ, ಸುಮಾರು 450 ಅಡಿ ಉದ್ದದ ಒಂದು ರೋಲ್ ತೂಗೋದು ಸುಮಾರು 35 ಪೌಂಡ್, ಅಂದರೆ 16 ಕಿಲೋ. ಅದು ತಲಾ 15 ಘನ ಅಡಿಯ ನಾಲ್ಕು ಮೂಟೆ ಫೋಮ್ ಚೂರಿನ ಕೆಲಸ ಮಾಡುತ್ತೆ, ಹಿಡಿಯುವ ಜಾಗ ಮಾತ್ರ ಮೂವತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹೊಸಕೋಟೆಯಲ್ಲಿ ಚದರ ಅಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟುವವರಿಗೆ ಇದು ಹಸಿರು ಎಲೆಯ ಚಿತ್ರಕ್ಕಿಂತ ಬೇಗ ಅರ್ಥವಾಗುವ ಭಾಷೆ.

ಸಿಹಿ ಅಂಗಡಿಗೆ ಒಂದು ನ್ಯಾಯ

ಕಾನೂನಿನ ಕತೆ ಸ್ವಲ್ಪ ತಮಾಷೆಯಾಗಿದೆ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಬಂತು. ಆ ಪಟ್ಟಿಯಲ್ಲಿ ಸಿಹಿತಿಂಡಿ ಬಾಕ್ಸಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಇದೆ, ಮದುವೆ ಆಮಂತ್ರಣ ಪತ್ರಿಕೆಗೆ ಸುತ್ತುವುದೂ ಇದೆ, ಐಸ್‌ಕ್ರೀಂ ಕಡ್ಡಿ, ಬಲೂನಿನ ಕಡ್ಡಿ ಇವೆ. ಬಬಲ್ ರ‍್ಯಾಪ್ ಇಲ್ಲ. ಮೈಸೂರುಪಾಕಿನ ಡಬ್ಬಿಗೆ ಸುತ್ತಿದರೆ ದಂಡ, ಮೊಬೈಲ್ ಡಬ್ಬಿಗೆ ಸುತ್ತಿದರೆ ಅದು 'ಉತ್ಪಾದಕರ ವಿಸ್ತೃತ ಹೊಣೆಗಾರಿಕೆ'ಯ ಅಡಿ ಬರುವ ಪ್ಯಾಕೇಜಿಂಗ್. ಅಂದರೆ ಎಷ್ಟು ಪ್ಲಾಸ್ಟಿಕ್ ಹೊರಗೆ ಬಿಟ್ಟಿರೋ ಅಷ್ಟರ ಸಂಗ್ರಹ, ಮರುಬಳಕೆಯ ಲೆಕ್ಕ ಒಪ್ಪಿಸಿ, ಪೋರ್ಟಲ್‌ನಲ್ಲಿ ಪ್ರಮಾಣಪತ್ರ ತೋರಿಸಿ ಸಾಕು.

ದೊಡ್ಡ ಕಂಪನಿಗಳು ಬದಲಾಗಿದ್ದು ನಿಷೇಧದಿಂದಲ್ಲ, ಮುಜುಗರದಿಂದ. ದೆಹಲಿಯ 16 ವರ್ಷದ ವಿದ್ಯಾರ್ಥಿಯೊಬ್ಬ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳು ಮಿತಿಮೀರಿ ಪ್ಲಾಸ್ಟಿಕ್ ಬಳಸುತ್ತಿವೆ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ. 2020ರಲ್ಲಿ ಮಂಡಳಿ ಇವುಗಳ ಪರಿಸರ ಆಡಿಟ್ ಮಾಡಿಸಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೂಚಿಸಿತು. ಅದೇ ಹೊತ್ತಿಗೆ ಅಮೆಜಾನ್ ಇಂಡಿಯಾ, ತನ್ನ ಗೋದಾಮುಗಳ ಪ್ಯಾಕಿಂಗ್‌ನಲ್ಲಿ ಏಕಬಳಕೆ ಪ್ಲಾಸ್ಟಿಕ್ ತೆಗೆದು ಕಾಗದದ ಮೆತ್ತೆ ತಂದಿದ್ದೇನೆ ಅಂತ 2020ರ ಜೂನ್‌ನಲ್ಲಿ ಹೇಳಿತು. 2021ರಲ್ಲಿ ಫ್ಲಿಪ್‌ಕಾರ್ಟ್ ಕೂಡ ತನ್ನ ಸ್ವಂತ ಸರಬರಾಜು ಜಾಲದಲ್ಲಿ ನೂರಕ್ಕೆ ನೂರು ಆಯಿತು ಅಂತ ಘೋಷಿಸಿತು. 'ಸ್ವಂತ' ಅನ್ನೋ ಪದ ಗಮನಿಸಿ. ಅದೇ ಆ್ಯಪ್‌ನಲ್ಲಿ ಮಾರಿ, ತನ್ನ ಅಂಗಡಿಯಿಂದಲೇ ಪ್ಯಾಕ್ ಮಾಡಿ ಕಳಿಸುವ ಸಾವಿರಾರು ಮಾರಾಟಗಾರರು ಆ ಲೆಕ್ಕದಲ್ಲಿ ಬರಲ್ಲ.

ಯಂತ್ರದ ವ್ಯಾಪಾರವೂ ಒಂದು ಪಾಠ. ಈ ಕ್ಷೇತ್ರದ ಹಳೆಯ ಕಂಪನಿ ಅಮೆರಿಕದ ಓಹಾಯೋದ ರ‍್ಯಾನ್‌ಪ್ಯಾಕ್, 1972ರಲ್ಲಿ ಶುರುವಾದದ್ದು. ಅವರು ಯಂತ್ರವನ್ನು ಸಾಮಾನ್ಯವಾಗಿ ಮಾರಲ್ಲ, ತಮ್ಮ ಒಡೆತನದಲ್ಲೇ ಇಟ್ಟುಕೊಂಡು ಗ್ರಾಹಕರ ಗೋದಾಮಿನಲ್ಲಿ ಕೂರಿಸುತ್ತಾರೆ. ದುಡ್ಡು ಬರೋದು ಅದಕ್ಕೆ ಹಾಕುವ ಕಾಗದದಿಂದ. ಇಂಕ್‌ಜೆಟ್ ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕಿನಲ್ಲಿ ಸುಲಿಯುವ ಹಾಗೆ. ಇಂಥ ಏರ್ಪಾಡಿನಲ್ಲಿ ಕಡಿಮೆ ಕಾಗದ ಬಳಸಿ ಅಂತ ಹೇಳುವ ತುರ್ತು ಯಂತ್ರದ ಮಾಲೀಕನಿಗೆ ಎಲ್ಲಿಂದ ಬರಬೇಕು?

ಕಾಗದ ಎಲ್ಲಿಂದ ಬಂತು?

ನಮ್ಮ ನಾಡಿನಲ್ಲಿ ಕಾಗದವನ್ನು ಹಸಿರು ಅಂತ ಕರೆಯುವ ಮುಂಚೆ ಎರಡು ಸಲ ಯೋಚಿಸಬೇಕು. ಯಾಕೆ ಅಂದರೆ ಇದರ ಬಗ್ಗೆ ನಾವು ಈಗಾಗಲೇ ಜಗಳ ಆಡಿದ್ದೇವೆ, ಒಂದು ಸಲವಲ್ಲ.

ಯಂತ್ರದ ಮೆತ್ತೆ ಬರುವ ಮೊದಲು ಸಾಮಾನು ಸಾಗಿಸುವ ಪ್ಯಾಕಿಂಗ್ ಎಂದರೆ ಬಿದಿರಿನ ಬುಟ್ಟಿ. ಹೆಣೆಯುವವರು ಮೇದಾರರು. ಹೊಸಕೋಟೆಯ ತರಕಾರಿ, ದೊಡ್ಡಬಳ್ಳಾಪುರ ಸೀಮೆಯ ದ್ರಾಕ್ಷಿ, ಹೂವು ಎಲ್ಲ ಬುಟ್ಟಿಯಲ್ಲೇ ಸಾಗುತ್ತಿತ್ತು. ಇತ್ತ 1950ರ ದಶಕದಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂತು. ಉತ್ತರ ಕನ್ನಡದ ಬಿದಿರನ್ನು ಸರ್ಕಾರ ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ ಕೊಟ್ಟಿತು. ಮಾರುಕಟ್ಟೆಯಲ್ಲಿ ಬುಟ್ಟಿ ಹೆಣೆಯುವವರಿಗೆ ಬಿದಿರು ಸಿಗುತ್ತಿದ್ದದ್ದು ಟನ್ನಿಗೆ ಮೂರು ಸಾವಿರದ ಲೆಕ್ಕದಲ್ಲಿ. ಇದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತೆ ಮತ್ತೆ ಬರೆದಿದ್ದಾರೆ. 1970ರ ದಶಕದಲ್ಲಿ ಬಿದಿರು ಯಾಕೆ ನಾಶವಾಗುತ್ತಿದೆ ಅಂತ ಅವರು ಕಾಡಿಗೇ ಹೋಗಿ ನೋಡಿದರು. ಹಳ್ಳಿಯವರು, ದನ ಮೇಯಿಸುವವರು ಕಾರಣ ಅನ್ನೋದು ಮೇಲಿನವರ ವಾದ. ಕಂಡದ್ದೇ ಬೇರೆ: ಕಡಿಯೋಕೆ ಸಲೀಸಾಗಲಿ ಅಂತ ಮೆಳೆಯ ಬುಡದ ಮುಳ್ಳುಗಳನ್ನು ಸವರಿ ತೆಗೆಯುತ್ತಿದ್ದರು. ಆ ಮುಳ್ಳೇ ಎಳೆ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಕಳಲೆ ಕಂಡ ಕಂಡ ಪ್ರಾಣಿಯ ಬಾಯಿಗೆ ಬಿತ್ತು, ಮೆಳೆ ಮತ್ತೆ ಏಳಲಿಲ್ಲ. ಒಂದು ಪ್ಯಾಕಿಂಗ್ ಕಸುಬು ಸಾಯೋದಕ್ಕೂ ಇನ್ನೊಂದು ಪ್ಯಾಕಿಂಗ್ ಸಾಮಗ್ರಿ ಹುಟ್ಟೋದಕ್ಕೂ ಹೀಗೆ ನಂಟಿದೆ.

ಎರಡನೇ ಜಗಳ ನೀಲಗಿರಿಯದ್ದು. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿದವು. ತಿರುಳಿಗಾಗಿ ನೀಲಗಿರಿ ಬೆಳೆಸಲು ಅದಕ್ಕೆ 30 ಸಾವಿರ ಹೆಕ್ಟೇರ್ ಕಂದಾಯ ಭೂಮಿ, ಅಂದರೆ ದನ ಮೇಯುವ, ಸೌದೆ ಸಿಗುವ ಊರೊಟ್ಟಿನ ಜಾಗ ಕೊಡೋದು ಯೋಜನೆ. ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಉಪಯೋಗದ ಗಿಡ ನೆಟ್ಟರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಅದು. ಸುಪ್ರೀಂ ಕೋರ್ಟ್‌ವರೆಗೂ ಹೋದರು. 1991ರಲ್ಲಿ ಕಂಪನಿಯನ್ನೇ ಮುಚ್ಚಲಾಯಿತು. ಇನ್ನೂ ಹತ್ತಿರದ ಮಾತು: ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ ಉತ್ಪಾದನೆ ನಿಂತು ವರ್ಷಗಳಾಗಿದ್ದರೂ, 20 ಸಾವಿರ ಹೆಕ್ಟೇರಿಗೂ ಮಿಕ್ಕಿದ ಅರಣ್ಯ ಭೂಮಿಯ ಗುತ್ತಿಗೆಯನ್ನು ಸರ್ಕಾರ 2020ರಲ್ಲಿ ಇನ್ನೂ 40 ವರ್ಷಕ್ಕೆ ಮುಂದುವರಿಸಿತು. ಮಲೆನಾಡಿನ ಯುವಕರು 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅಂತ ಬೀದಿಗಿಳಿದಿದ್ದು ಆಗಲೇ.

ಬೆಂಗಳೂರು ಗ್ರಾಮಾಂತರಕ್ಕೂ ಈ ಕತೆ ಹೊರಗಿನದಲ್ಲ. ಹೊಸಕೋಟೆ, ದೇವನಹಳ್ಳಿ, ಪಕ್ಕದ ಕೋಲಾರದ ಒಣಭೂಮಿಯಲ್ಲಿ ರಾಗಿ ಬಿಟ್ಟು ನೀಲಗಿರಿ ತೋಪು ಎದ್ದದ್ದನ್ನು 40 ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. 'ಸಾಮಾಜಿಕ ಅರಣ್ಯ' ಅನ್ನೋದು ಅದರ ಸರ್ಕಾರಿ ಹೆಸರು. ರಾಗಿ ಹೋದರೆ ಕೂಲಿ ಹೋಗುತ್ತೆ, ಹುಲ್ಲು ಹೋಗುತ್ತೆ, ತೋಪಿನ ಮರ ತಿರುಳಿನ ಕಾರ್ಖಾನೆಗೆ ಹೋಗುತ್ತೆ ಅಂತ ವಂದನಾ ಶಿವ ಮತ್ತು ಸಂಗಡಿಗರು ಕೋಲಾರದ ಬಗ್ಗೆ 1981ರಲ್ಲೇ ಅಧ್ಯಯನ ಮಾಡಿ ಬರೆದಿದ್ದರು. ಅಂತರ್ಜಲ ಪಾತಾಳಕ್ಕಿಳಿದ ಮೇಲೆ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿತು. ರಾಗಿ ಹೊಲ ನೀಲಗಿರಿ ತೋಪಾಗಿ, ತೋಪು ಸೈಟೋ ಗೋದಾಮೋ ಆಗಿ ಬದಲಾದದ್ದು ಈ ಸೀಮೆಯಲ್ಲಿ ಒಂದೇ ತಲೆಮಾರಿನ ಕತೆ. ಈಗ ಆ ಗೋದಾಮಿನೊಳಗೆ ಕಾಗದದ ಕಟ್ಟು ಇಳಿಯುತ್ತಿದೆ.

ಹಾಗಂತ ನಿಮ್ಮ ಪಾರ್ಸೆಲ್‌ನ ಪ್ರತಿ ಕಾಗದವೂ ಕಾಡು ಕಡಿದದ್ದು ಅಂದರೆ ಸುಳ್ಳಾಗುತ್ತೆ. ಭಾರತದಲ್ಲಿ ತಯಾರಾಗುವ ಕ್ರಾಫ್ಟ್ ಕಾಗದದ ಬಹುಪಾಲು ರದ್ದಿಯಿಂದ ಬರೋದು, ನಮ್ಮ ಗುಜರಿ ಅಂಗಡಿಯ ರಟ್ಟು, ಹೊರದೇಶದಿಂದ ಆಮದಾದ ಹಳೇ ಬಾಕ್ಸ್. ಆದರೆ ನಾರಿಗೂ ಆಯಸ್ಸಿದೆ. ಐದರಿಂದ ಏಳು ಸಲ ಕುದಿಸಿ ಹಾಳೆ ಮಾಡಿದ ಮೇಲೆ ನಾರು ತುಂಡಾಗಿ ಬಲ ಕಳೆದುಕೊಳ್ಳುತ್ತೆ, ಆಗ ಹೊಸ ತಿರುಳು ಬೆರೆಸಲೇಬೇಕು. 'ಕ್ರಾಫ್ಟ್' ಅಂದರೆ ಜರ್ಮನ್ ಭಾಷೆಯಲ್ಲಿ ಬಲ ಅಂತಲೇ ಅರ್ಥ. ಆ ಬಲ ಬರೋದು ಉದ್ದನೆಯ ಹೊಸ ನಾರಿನಿಂದ. ಜೊತೆಗೆ ಅಷ್ಟೇ ರಕ್ಷಣೆಗೆ ಕಾಗದ ಪ್ಲಾಸ್ಟಿಕ್‌ಗಿಂತ ಹಲವು ಪಟ್ಟು ತೂಕ ಬೇಕು. ತೂಕ ಎಂದರೆ ಲಾರಿಯ ಡೀಸೆಲ್, ಕಾರ್ಖಾನೆಯ ನೀರು.

ಟೇಬಲ್ ಹಿಂದೆ ನಿಂತವರು

'ಕಾಯುವ' ಯಂತ್ರಕ್ಕೆ ಬರೋಣ. ತುಂಡು ಹರಿದ ಕೂಡಲೇ ಮತ್ತೊಂದು ತುಂಡು ಹೊರಬರುತ್ತೆ ಅಂದೆನಲ್ಲ. ಕೈಯಲ್ಲಿ ಕಾಗದ ಮುದುರುವಾಗ ಒಂದು ಕ್ಷಣ ಕೈ ಸಡಿಲ ಬಿಡಬಹುದಿತ್ತು. ಈಗ ಆ ಕ್ಷಣ ಹೋಯಿತು, ಯಂತ್ರವೇ ನಿಮ್ಮನ್ನು ಕಾಯುತ್ತಿದೆ. ಪಕ್ಕದ ಪರದೆ ಯಾವ ಬಾಕ್ಸಿಗೆ ಎಷ್ಟು ಉದ್ದ ಅಂತ ಹೇಳುತ್ತೆ, ಸ್ಕ್ಯಾನರ್ ಗಂಟೆಗೆ ಎಷ್ಟು ಬಾಕ್ಸ್ ಅಂತ ಎಣಿಸುತ್ತೆ. ಕಾಗದ ಮುಗಿದಾಗ ಹತ್ತಾರು ಕಿಲೋದ ಕಟ್ಟನ್ನು ಎತ್ತಿ ಹಾಕೋದು ಮಾತ್ರ ಮನುಷ್ಯರ ಕೆಲಸ. ಜೊತೆಗೆ ಕಾಗದದ ಧೂಳು, ಒಣಗಿ ಬಿರಿಯುವ ಬೆರಳು, ದಿನಪೂರ್ತಿ ನಿಂತೇ ಇರುವ ಕಾಲು.

ಈ ಕೆಲಸಗಾರರಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ಬಂದವರು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು, ಉತ್ತರ ಕರ್ನಾಟಕದ, ಒಡಿಶಾದ, ಬಿಹಾರದ ಹುಡುಗರು. ದಸರಾ, ದೀಪಾವಳಿ ಸೇಲ್‌ಗೆ ಸೇರಿಸಿಕೊಂಡು, ಹಬ್ಬ ಮುಗಿದ ಮೇಲೆ 'ಫೋನ್ ಮಾಡ್ತೀವಿ' ಅಂತ ಕಳಿಸೋದು ಮಾಮೂಲು. ಗೋದಾಮಿನೊಳಗೆ ಒತ್ತಡ ಎಷ್ಟು ದೂರ ಹೋಗಬಹುದು ಅನ್ನೋದು 2024ರಲ್ಲಿ ಹರಿಯಾಣದ ಮಾನೇಸರ್‌ನಲ್ಲಿ ಗೊತ್ತಾಯಿತು. ಆರು ಲಾರಿ ಇಳಿಸಿ ಮುಗಿಯೋವರೆಗೆ ನೀರಿಗೂ, ಶೌಚಕ್ಕೂ ಹೋಗಲ್ಲ ಅಂತ ಅಮೆಜಾನ್ ಗೋದಾಮಿನ ಕೆಲಸಗಾರರಿಂದ ಪ್ರಮಾಣ ಮಾಡಿಸಲಾಯಿತು ಎಂಬ ವರದಿ ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು, ಒಳ್ಳೆಯದೇ. ಬೈಕಿನಲ್ಲಿ ಪಾರ್ಸೆಲ್ ತರುವ ಹುಡುಗನ ಹೆಸರಿನಲ್ಲಿ ಈಗ ಪ್ರತಿ ವಹಿವಾಟಿಗೂ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು. ಅದೇ ಪಾರ್ಸೆಲ್‌ಗೆ ಕಾಗದ ತುಂಬಿದ, ಏಜೆನ್ಸಿ ಸಂಬಳದ ಹುಡುಗಿ ಆ ಕಾಯ್ದೆಯ ಕಣ್ಣಿಗೆ ಬೀಳೋದು ಕಷ್ಟ. ಅವಳು ಗಿಗ್ ಅಲ್ಲ, ಕಂಪನಿಯ ಕಾಯಂ ನೌಕರಳೂ ಅಲ್ಲ. ಬಾಗಿಲಿಗೆ ಬರುವವನನ್ನು ನಾವು ನೋಡುತ್ತೇವೆ, ಅವನ ಪರ ಮಾತಾಡುತ್ತೇವೆ. ಕಿಟಕಿಯಿಲ್ಲದ ಕಟ್ಟಡದೊಳಗೆ ಇರುವವಳ ಬಗ್ಗೆ ನಮ್ಮ ಹೋರಾಟದ ಗುಂಪುಗಳೂ ಅಷ್ಟಾಗಿ ಮಾತಾಡಿಲ್ಲ, ಈ ಲೇಖಕನನ್ನೂ ಸೇರಿಸಿ.

ತಿರುಗಿ ಊರಿಗೆ

ಪಾರ್ಸೆಲ್ ಹೊಸಕೋಟೆಯಿಂದಲೋ ದೇವನಹಳ್ಳಿಯಿಂದಲೋ ಹೊರಟು ಬೆಂಗಳೂರಿನ ಅಪಾರ್ಟ್‌ಮೆಂಟ್ ಸೇರುತ್ತೆ. ಅದರ ಕಸ? ಮತ್ತೆ ಗ್ರಾಮಾಂತರಕ್ಕೇ ಬರುತ್ತೆ. ಹೊಸಕೋಟೆ ದಿಕ್ಕಿನ ಮಂಡೂರಿನ ಜನ ಬೀದಿಗಿಳಿದು 2014ರ ಕೊನೆಗೆ ಕಸದ ಲಾರಿ ನಿಲ್ಲಿಸಿದರು. ಆಮೇಲೆ ಭಾರ ಬಿದ್ದದ್ದು ದೊಡ್ಡಬಳ್ಳಾಪುರದ ಮೇಲೆ. ಚಿಗರೇನಹಳ್ಳಿಯ ಎಂಎಸ್‌ಜಿಪಿ ಘಟಕದ ವಿರುದ್ಧ ಭಕ್ತರಹಳ್ಳಿ ಸುತ್ತಲಿನ ಹಳ್ಳಿಯವರು ನೊಣ, ವಾಸನೆ, ಕೆಟ್ಟ ನೀರು ಅಂತ ಎಷ್ಟು ಸಲ ರಸ್ತೆ ತಡೆದರೋ ಲೆಕ್ಕವಿಲ್ಲ.

ಇಲ್ಲಿ ಕಾಗದ ನಿಜಕ್ಕೂ ಗೆಲ್ಲುತ್ತೆ, ಆದರೆ ಒಂದು ಷರತ್ತಿನ ಮೇಲೆ. ಒಣಗಿದ್ದರೆ ಮಾತ್ರ. ಒಣ ಕಂದು ಕಾಗದಕ್ಕೆ ರಟ್ಟಿನ ಜೊತೆ ಗುಜರಿಯಲ್ಲಿ ಬೆಲೆಯಿದೆ, ಚಿಂದಿ ಆಯುವವರ ಕೈಗೆ ನಾಲ್ಕು ಕಾಸು ಬರುತ್ತೆ. ಬಬಲ್ ರ‍್ಯಾಪ್ ಚೀಲ ತುಂಬಿದರೂ ತೂಗಲ್ಲ, ಹೆಚ್ಚಿನವರು ಮುಟ್ಟೋದೇ ಇಲ್ಲ. ಅದೇ ಕಾಗದ ಸಾಂಬಾರಿನ ಜೊತೆ ಹಸಿಕಸ ಸೇರಿದರೆ, ಗುಡ್ಡದಡಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತೆ. ಪ್ಲಾಸ್ಟಿಕ್‌ನಂತೆ ಶತಮಾನ ಉಳಿಯಲ್ಲ ಅನ್ನೋದು ನಿಜ. ದೊಡ್ಡಬಳ್ಳಾಪುರದ ಗಾಳಿಗೆ ಅದರಿಂದ ಸಮಾಧಾನವಿಲ್ಲ.

ಸರ್ಕಾರದ ಕೈಯಲ್ಲಿರುವ ಎರಡು ಸಂಗತಿ ಹೇಳಬೇಕು. ಒಂದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ ರಟ್ಟಿನ ಬಾಕ್ಸ್ ಮೇಲಿನದ್ದು ಶೇ 12ರಿಂದ 5ಕ್ಕೆ ಇಳಿಯಿತು, ಬಾಕ್ಸ್ ಮಾಡುವ ಕ್ರಾಫ್ಟ್ ಕಾಗದದ ಮೇಲಿನದ್ದು 12ರಿಂದ 18ಕ್ಕೆ ಏರಿತು. ಅಂದರೆ ಮೆತ್ತೆಗೆ ಬೇಕಾದ ಕಾಗದವೂ ಪ್ಲಾಸ್ಟಿಕ್ಕೂ ಒಂದೇ ಸಾಲಿಗೆ ಬಂದವು. ದೊಡ್ಡ ಕಂಪನಿಗೆ ಇದು ತಟ್ಟಲ್ಲ, ಪೀಣ್ಯದಲ್ಲೋ ದಾಬಸ್‌ಪೇಟೆಯಲ್ಲೋ ಹತ್ತು ಜನರನ್ನು ಇಟ್ಟುಕೊಂಡು ಬಿಡಿಭಾಗ ಮಾಡುವವನಿಗೆ ತಟ್ಟುತ್ತೆ. ಎರಡನೆಯದು ಹೊಣೆ. ಪ್ಲಾಸ್ಟಿಕ್‌ಗೆ ಇರುವಂತೆ ಕಾಗದ, ಗಾಜು, ಲೋಹದ ಪ್ಯಾಕೇಜಿಂಗ್‌ಗೂ ಉತ್ಪಾದಕರೇ ಹೊಣೆ ಹೊರಬೇಕು ಅಂತ ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಕರಡು ನಿಯಮ ಪ್ರಕಟಿಸಿತು. ನಗರದ ಕಸದ ಬಗ್ಗೆ ಇಷ್ಟು ಮಾತಾಡುವ ನಾವು ಆ ಕರಡಿನ ಬಗ್ಗೆ ಎಷ್ಟು ಚರ್ಚೆ ಮಾಡಿದೆವು? ಅದರಲ್ಲಿ ತೂಕದ ಲೆಕ್ಕ ಇದೆ, ಮರುಬಳಕೆಯ ಗುರಿ ಇದೆ. ಹೆಬ್ಬೆರಳಿನ ಬಾಟಲಿಗೆ ಚಪ್ಪಲಿ ಬಾಕ್ಸ್ ಯಾಕೆ ಅನ್ನೋ ಪ್ರಶ್ನೆಗೆ ಮಾತ್ರ ಇಂಥ ಲೆಕ್ಕಗಳಲ್ಲಿ ಉತ್ತರ ಸಿಗಲ್ಲ.

ನನ್ನ ಮಟ್ಟಿಗೆ ಅಸಲಿ ಪ್ರಶ್ನೆ ಅದೇ. ಬಾಕ್ಸ್ ಸರಿಯಾದ ಅಳತೆಯದ್ದಾಗಿದ್ದರೆ ತುಂಬೋಕೆ ಖಾಲಿ ಜಾಗವೇ ಇರಲ್ಲ. ಬಾಕ್ಸ್‌ನ ಅಳತೆಗಳು ಕಡಿಮೆಯಿದ್ದಷ್ಟೂ ಗೋದಾಮಿಗೆ ಸಲೀಸು, ಉಳಿದ ಜಾಗ ತುಂಬೋಕೆ ಕಾಗದ ಅಗ್ಗ. ಹಾಗಾಗಿ ಕಾಗದ ಗೆಲ್ಲುತ್ತೆ. ಇದನ್ನು ಬಿಟ್ಟರೆ ಇನ್ನೊಂದು ಯಂತ್ರವೂ ಇದೆ, ಹೆಚ್ಚು ಪ್ರಚಾರ ಸಿಗದ್ದು. ಗೋದಾಮಿಗೆ ಮಾಲು ಹೊತ್ತು ಬಂದ ಹಳೇ ರಟ್ಟಿನ ಬಾಕ್ಸ್‌ಗಳನ್ನೇ ಅದರ ಬಾಯಿಗೆ ಕೊಟ್ಟರೆ, ಹಲ್ಲುಗಳು ಸೀಳಿ ಬಲೆಯಂತೆ ಹಿಗ್ಗಿಸಿ ಮೆತ್ತೆ ಮಾಡಿ ಕೊಡುತ್ತವೆ. ಹೊಸ ಕಾಗದ ಒಂದು ಹಾಳೆಯೂ ಬೇಕಿಲ್ಲ. ದಿನಾ ಟನ್‌ಗಟ್ಟಲೆ ಖಾಲಿ ರಟ್ಟು ಬೀಳುವ ಜಾಗಕ್ಕೆ ಇದಕ್ಕಿಂತ ಹೊಂದುವ ಯಂತ್ರ ಬೇರೆಯಿಲ್ಲ. ಆದರೆ ಒಂದು ಸಲ ಮಾರಿದ ಮೇಲೆ ಇದಕ್ಕೆ ತಿಂಗಳು ತಿಂಗಳು ಕಾಗದ ಮಾರೋಕೆ ಆಗಲ್ಲ.